ಮಜ್ಜಿಗೆಗೆ ಬರುತ್ತಿದ್ದವರು

ಬನ್ನಿಕಟ್ಟಿ, ತಾವರಗೇರಾ ಹತ್ತಿರ
ತಾಲೂಕು ಕುಷ್ಟಗಿ
೨೨-೯-೨೦೦೨, ರವಿವಾರ

ಪ್ರೀತಿಯ ಅಕ್ಕನಿಗೆ ನಿನ್ನ ತಂಗಿ ಶೈಲಜಾಳ ನಮಸ್ಕಾರ.

ನಾನೂ ಸಹನಾಳೂ ಆರಾಮಾಗಿದ್ದೇವೆ. ಈ ಮಾತನ್ನು ನಾನು ಪ್ರತಿ ಪತ್ರದ ಮೊದಲ ಸಾಲಿನಲ್ಲೂ ಬರೆಯುತ್ತ ಬಂದಿದ್ದೇನೆ. ಈ ಸಲ ಮಾತ್ರ ಅದು ಖರೆ. ಹಾಲೇಶ ಮಾಮಾ ಅವರ ಮೊಣಕಾಲು ನೋವು ಹೇಗಿದೆ? ವಿಶಾಲಾಕ್ಷಿ ತನ್ನ ಅತ್ತೆಯ ಮನೆಗೆ ಹೊಂದಿಕೊಂಡಳೆ? ಅವಳ ಗಂಡ ಮೆತ್ತಗಿನ ಮನುಷ್ಯ ಎಂದು ಕೇಳಿದೆ. ನಮ್ಮ ವಿಶಾಲಾಕ್ಷಿಯ ಬಾಯಿಗೆ ಅಂಥವನೇ ಬೇಕಿತ್ತು ಬಿಡು.

ನೀನು ಎರಡು ಪತ್ರ ಹಾಕಿದೆ. ನಾನು ಒಂದಕ್ಕೂ ಉತ್ತರ ಬರೆಯಲಿಲ್ಲ. ವೈಶಾಖದಲ್ಲಿ ನಿನ್ನ ಒಬ್ಬಳೇ ಮಗಳ ಮದುವೆ ಆಯಿತು, ನಿನ್ನ ಒಬ್ಬಳೇ ತಂಗಿ ಬರಲಿಲ್ಲ. ಜ್ವರ ಎಂದು ಹೇಳಿ ಕಳಿಸಿದೆ. ನೀನು ಅದನ್ನು ನಂಬಲಿಲ್ಲ ಎಂದು ನನಗೆ ಗೊತ್ತು. ಯಲಬುರ್ಗಾದ ಅತ್ತಿಯ ಮುಂದೆ ನೀನು ಅಂದದ್ದು ನನ್ನ ಕಿವಿಗೆ ಬಿದ್ದಿದೆ. "ಆಕಿ ವಾಡೇದಾಕಿ ಅಲ್ಲೇನ್ರಿ, ನಮ್ಮ ಮನಿ ಕಣ್ಣಿಗೆ ಸಣ್ಣದಾಗಿ ಕಂಡಿರ್ತದ" ಅಂದೆಯಂತೆ. ಗಂಗಾವತಿಯಿಂದ ಇಲ್ಲಿಗೆ ಬಸ್ಸು ಬರುವುದು ತಡವಾಗಬಹುದು, ಇಂಥ ಮಾತು ಮಾತ್ರ ಎಲ್ಲೂ ನಿಲ್ಲದೆ ಬರುತ್ತದೆ. ಸಿಟ್ಟು ಬಂತು. ಆಮೇಲೆ ಯೋಚಿಸಿದೆ, ನಾನೇ ನಿನ್ನ ಜಾಗದಲ್ಲಿದ್ದರೆ ಇದಕ್ಕಿಂತ ಖಾರವಾಗಿ ಅನ್ನುತ್ತಿದ್ದೆ.

ಅಕ್ಕ, ನಾನು ಮದುವೆಗೆ ಬರದೇ ಇದ್ದದ್ದು ನನ್ನ ಹತ್ತಿರ ಆಯೇರಿಗೆ ಇಡಲು ಒಂದು ಕುಬಸದ ಕಣವೂ ಇರಲಿಲ್ಲ ಎಂಬ ಕಾರಣಕ್ಕೆ. ವಾಡೆಯ ಚಿಗವ್ವ ಬರಿಗೈಯಲ್ಲಿ ಬಂದಳು ಅಂತ ನಿನ್ನ ಬೀಗರ ಮುಂದೆ ನಿನಗೆ ಅವಮಾನ ಆಗಬಾರದು ಅಂದುಕೊಂಡೆ. ನಿನ್ನ ಅವಮಾನ ಎನ್ನುವುದು ನೆಪ. ನನ್ನದೇ ಅವಮಾನ.

ಓದುತ್ತಾ ನೀನು ಈಗ ಕಣ್ಣು ಕಿರಿದು ಮಾಡಿರುತ್ತೀ. ಹದಿನಾಲ್ಕು ಸಾಗವಾನಿ ಕಂಬದ ಮನೆಯಲ್ಲಿ ಇರುವವಳಿಗೆ ಕುಬಸದ ಕಣ ಇಲ್ಲವೆ ಎಂದು. ನಿನಗೆ ಗೊತ್ತಿರುವ ವಾಡೆ ನಾನು ಮದುವೆಯಾಗಿ ಬಂದಾಗಿನದು. ಹಗೇವಿನಲ್ಲಿ ಜೋಳ, ಗ್ವಾದಲಿಯಲ್ಲಿ ಸಾಲು ಎಮ್ಮೆ, ಮೂರು ಹೊತ್ತೂ ಒಲೆ. ಮೈದುನರು ಪಾಲು ತೆಗೆದುಕೊಂಡು, ಮಾರಿಕೊಂಡು, ಹುಬ್ಬಳ್ಳಿ ಸೊಲ್ಲಾಪುರ ಅಂತ ಹೋದರು. ನಮ್ಮ ಪಾಲಿನ ಹೊಲ ನಮ್ಮವರ ಮೂತ್ರಪಿಂಡದ ಬೇನೆಗೆ ಹೋಯಿತು. ಅವರೂ ಹೋದರು. ಉಳಿದ ತುಣುಕು ಹೊಲವನ್ನು ಬೇರೆಯವರಿಗೆ ಉಳಲು ಲಾವಣಿಗೆ ಕೊಟ್ಟಿದ್ದೇನೆ. ಅದರಿಂದ ಬರುವ ಜೋಳ ದೀಪಾವಳಿಯಿಂದ ಹೋಳಿ ಹುಣ್ಣಿಮೆಯವರೆಗೆ ಸಾಕಾಗುತ್ತದೆ. ವಾಡೆ ಯಾಕೆ ಉಳಿಯಿತು ಎಂದರೆ, ಬನ್ನಿಕಟ್ಟಿಯಲ್ಲಿ ವಾಡೆ ಕೊಳ್ಳುವವರು ಯಾರಿದ್ದಾರೆ? ಕಂಬ ಬೇಯಿಸಿ ತಿನ್ನಲು ಬರುವುದಿಲ್ಲ.

ಇದನ್ನು ನಿನಗೆ ಮೊದಲೇ ಯಾಕೆ ಹೇಳಲಿಲ್ಲ? ಮೊದಲ ವರ್ಷ, ಇನ್ನೇನು ಸರಿಹೋಗುತ್ತದೆ ಅಂದುಕೊಂಡೆ. ಎರಡನೆಯ ವರ್ಷ ರೂಢಿಯಾಯಿತು. ಆಮೇಲೆ ಹೇಳುವ ಹೊತ್ತೇ ಮೀರಿಹೋಗಿತ್ತು. ಇಷ್ಟು ದಿನ ಆರಾಮ ಎಂದು ಬರೆದವಳು ಒಮ್ಮೆಲೇ ಹೇಗೆ ಬೇರೆ ಬರೆಯಲಿ? ಈಗ ಬರೆಯಲು ಧೈರ್ಯ ಬಂದದ್ದು ಒಂದು ಬುಟ್ಟಿ ಹುಣಸೆ ಬೀಜದಿಂದ. ಮತ್ತು ಯಮನೂರಮ್ಮನಿಂದ. ಯಮನೂರಮ್ಮನ ನೆನಪಿದೆಯಲ್ಲ? ನೀನು ಬಂದಾಗಲೆಲ್ಲ ನಮ್ಮ ಅಂಗಳ ಸಾರಿಸಿ ರಂಗೋಲಿ ಹಾಕುತ್ತಿದ್ದಳು, ಉದ್ದ ಕೈಯ ಹೆಂಗಸು. ನಕ್ಕರೆ ಓಣಿಯ ಆ ತುದಿಗೆ ಕೇಳುತ್ತಿತ್ತು. ಅವಳ ಗಂಡ ಮಂಗಳೂರ ಕಡೆ ದುಡಿಯಲು ಹೋದವನು ವರ್ಷಕ್ಕೊಮ್ಮೆ ಮುಖ ತೋರಿಸುತ್ತಾನೆ. ಮನೆಯಲ್ಲಿ ಮೂರು ಮಕ್ಕಳು, ಒಬ್ಬ ಕುರುಡಿ ಅತ್ತೆ. ಅವಳನ್ನು ಕೆಲಸದಿಂದ ಬಿಡಿಸಿ ನಾಲ್ಕು ವರ್ಷವಾಯಿತು. "ಈಗ ನಾವಿಬ್ಬರ ಇದ್ದೀವಿ, ನಿನಗ್ಯಾಕ ತ್ರಾಸ" ಎಂದು ಸುಳ್ಳು ಹೇಳಿ ಬಿಡಿಸಿದೆ. ಅವಳು ತಲೆ ಅಲ್ಲಾಡಿಸಿ ಹೋದಳು. ಮರುದಿನ ಮುಂಜಾನೆ ತಂಬಿಗೆ ಹಿಡಿದು ಮಜ್ಜಿಗೆಗೆ ಬಂದಳು.

ಈ ಮಜ್ಜಿಗೆಯ ಸಂಗತಿ ನಿನಗೆ ಹೇಳಬೇಕು. ವಾಡೆಯ ದಸ್ತೂರ ಅದು. ಮುಂಜಾನೆ ಯಾರು ತಂಬಿಗೆ ತಂದರೂ ಮಜ್ಜಿಗೆ ಹಾಕಬೇಕು, ಮಾರಬಾರದು. ನಮ್ಮ ಅತ್ತೆ ಹಾಕುತ್ತಿದ್ದರು, ನಾನೂ ಹಾಕುತ್ತಾ ಬಂದೆ. ಎಮ್ಮೆಗಳು ಹೋಗಿ ಒಂದೇ ಉಳಿಯಿತು, ಅದೂ ಬತ್ತುತ್ತಾ ಬಂತು. ಹಾಲು ಮಾರಿದ್ದರೆ ಉಪ್ಪು ಎಣ್ಣೆಗಾದರೂ ಆಗುತ್ತಿತ್ತು. ವಾಡೆಯವರು ಹಾಲು ಮಾರುವುದೆ? ಇದ್ದ ಮೊಸರಿಗೆ ನೀರು ಹಾಕಿದೆ. ತಂಬಿಗೆಗಳು ಕಡಿಮೆಯಾಗಲಿಲ್ಲ, ನೀರು ಹೆಚ್ಚಾಯಿತು. ಕೊನೆಕೊನೆಗೆ ಹಸಿ ಶುಂಠಿ, ಜೀರಿಗೆ, ಕೊತ್ತಂಬರಿ ಜಜ್ಜಿ ಹಾಕಿ ಬೆಳ್ಳಗಿನ ನೀರಿಗೆ ರುಚಿ ಕೊಡುತ್ತಿದ್ದೆ. ಮಸಾಲೆ ಮಜ್ಜಿಗೆ ಮಾಡುವುದರಲ್ಲಿ ನನ್ನ ಕೈ ಮೀರಿಸುವವರಿಲ್ಲ ಎಂದು ಓಣಿಯ ಹೆಂಗಸರು ಹೊಗಳಿದಾಗ ಉಬ್ಬುತ್ತಿದ್ದೆ. ಯಾರಿಗೂ ತಿಳಿದಿಲ್ಲ ಅಂದುಕೊಂಡಿದ್ದೆ ಅಕ್ಕ. ಎಂಥ ಶ್ಯಾಣ್ಯಾಕಿ ನಾನು!

ಈ ವರ್ಷ ಸಾಲಿ ಸುರುವಾಗುವ ಹೊತ್ತಿಗೆ ಸರಕಾರದ ಬಿಸಿಯೂಟ ಬಂತು. ಸಾಲಿಯಲ್ಲೇ ಅಡುಗೆ, ಮಕ್ಕಳಿಗೆ ಮಧ್ಯಾಹ್ನ ಊಟ. ಅಡುಗೆಗೆ ಇಬ್ಬರು ಹೆಂಗಸರು ಬೇಕು, ಒಬ್ಬಳು ಮುಖ್ಯ, ಒಬ್ಬಳು ಸಹಾಯಕಿ. ತಿಂಗಳಿಗೆ ಸಂಬಳ. ಸುದ್ದಿ ಕೇಳಿದ ದಿನ ನನ್ನ ಎದೆ ಹೊಡೆದುಕೊಂಡದ್ದು ಹೇಳಲಾರೆ. ಸಹನಾ ತಾವರಗೇರಾದಲ್ಲಿ ಪಿಯುಸಿ ಎರಡನೆಯ ವರ್ಷಕ್ಕೆ ಹೋಗಬೇಕಿತ್ತು. ಫೀ ಕಟ್ಟುವ ದಿನ ಹತ್ತಿರ ಬಂದಿತ್ತು. ಕಟ್ಟದಿದ್ದರೆ ಕಾಲೇಜು ಅಲ್ಲಿಗೇ ನಿಲ್ಲುತ್ತಿತ್ತು. ಆ ಹುಡುಗಿ ಆಗಲೇ, "ಅವ್ವಾ, ನಾಟಿ ಹಚ್ಚೂ ಹೆಣ್ಮಕ್ಕಳು ಗಂಗಾವತಿ ಕಡಿ ಹೊಂಟಾರ, ನಾನೂ ಹೋಗ್ಲೇನು?" ಎಂದು ಕೇಳಿದ್ದಳು. ನಿನ್ನ ಊರಿನ ಗದ್ದೆಯಲ್ಲಿ, ನಿನ್ನ ಕಣ್ಣಿಗೆ ಬೀಳುವಂತೆ, ನಿನ್ನ ತಂಗಿಯ ಮಗಳು! ಅವತ್ತು ಅವಳ ಮೇಲೆ ಕೂಗಾಡಿದೆ. ಆಮೇಲೆ ಅಡುಗೆಮನೆಗೆ ಹೋಗಿ ಅತ್ತೆ.

ಯಾರನ್ನು ಆರಿಸಬೇಕೆಂದು ಊರಲ್ಲಿ ತಕರಾರು ಹತ್ತಿತು. ಹೆಡ್‌ಮಾಸ್ತರರು, ಊರ ಹೆಣ್ಣುಮಕ್ಕಳೇ ಕೂಡಿ ತೀರ್ಮಾನಿಸಲಿ, ಎಲ್ಲರಿಗಿಂತ ತ್ರಾಸಿನಲ್ಲಿರುವ ಮನೆಯವರಿಗೆ ಕೆಲಸ ಸಿಗಲಿ ಅಂದರು. ಕೊಪ್ಪಳದ ಒಂದು ಸಂಸ್ಥೆಯಿಂದ ಹೇಮಾ ಎಂಬ ಹುಡುಗಿ ಬಂದಳು. ಚಪ್ಪಲಿ ಸವೆಯುವ ಹಾಗೆ ಊರೂರು ತಿರುಗುವ ಹುಡುಗಿ, ಹಸನ್ಮುಖಿ. ಸಭೆ ಎಲ್ಲಿ? ಇನ್ನೆಲ್ಲಿ, ವಾಡೆಯ ಪಡಸಾಲೆಯಲ್ಲಿ. ಊರಲ್ಲಿ ಅಷ್ಟು ಜನ ಕುಂದರಲು ನೆರಳಿರುವ ಜಾಗ ಅದೊಂದೇ. ಬಂದವರಿಗೆ ಚಹಾ ಕೊಡಲು ಸಕ್ಕರೆ ಇರಲಿಲ್ಲ. "ಬಿಸಲಾಗ ಬಂದೀರಿ, ಚಹಾ ಬ್ಯಾಡ" ಎಂದು ಮಜ್ಜಿಗೆ ಕೊಟ್ಟೆ.

ಹೇಮಾ ರಂಗೋಲಿ ಪುಡಿಯಿಂದ ನೆಲದ ಮೇಲೆ ಊರನ್ನು ಬರೆಸಿದಳು. ಹನುಮಪ್ಪನ ಗುಡಿ, ಭಾವಿ, ಸಾಲಿ, ಓಣಿಗಳು, ಪ್ರತಿ ಮನೆಗೂ ಒಂದು ಚೌಕ. ಯಮನೂರಮ್ಮ ವಾಡೆಯನ್ನು ಕೈತುಂಬ ದೊಡ್ಡದಾಗಿ ಬರೆದಳು, ಬಾಗಿಲ ಮುಂದೆ ಎರಡು ಎಳೆಯ ರಂಗೋಲಿಯನ್ನೂ ಹಾಕಿದಳು. ಬುಟ್ಟಿಯಲ್ಲಿ ಹುಣಸೆ ಬೀಜ. "ನಿಮ್ಮ ನಿಮ್ಮ ಮನಿ ಮ್ಯಾಲೆ ನೀವ ಬೀಜ ಇಡ್ರಿ. ಭಾಳ ಇದ್ದವರು ಹತ್ತು, ಏನೂ ಇಲ್ಲದವರು ಒಂದು" ಎಂದಳು ಹೇಮಾ.

ಆಮೇಲೆ ನಡೆದದ್ದು ನೀನು ನೋಡಬೇಕಿತ್ತು. ಮೊದಲು ಕರಿಯವ್ವ ಎದ್ದಳು. ಎಂಬತ್ತರ ಮುದುಕಿ, ತಗಡಿನ ಒಂದು ಖೋಲಿ, ಪಿಂಚಣಿ ಬಂದರೆ ಊಟ. ಅವಳು ಲೆಕ್ಕ ಹಾಕಿ ಐದು ಬೀಜ ಇಟ್ಟಳು.

"ಐದೇನಜ್ಜಿ?" ಹೇಮಾ ಕೇಳಿದಳು.

"ನಾನು ನಡುವಿನಾಕೆವ್ವ. ನನಗಿಂತ ಮ್ಯಾಲಿನವರೂ ಅದಾರ, ಕೆಳಗಿನವರೂ ಅದಾರ."

"ಕೆಳಗ ಯಾರ ಅದಾರ?"

"ಯಾರರ ಇದ್ದ ಇರ್ತಾರ ತಗೋ. ನಾ ಏನ್ ಎಲ್ಲಾ ಊರು ತಿರುಗೀನೇನು?"

ಅವಳ ಹಿಂದೆ ಶಂಕ್ರವ್ವ ಬಂದಳು. ಅವಳ ಗಂಡ ರಸ್ತೆ ಕೆಲಸದ ಗುತ್ತಿಗೆ ಹಿಡಿಯುವವನು. ಎರಡು ಟ್ರ್ಯಾಕ್ಟರು, ಬಣ್ಣದ ಟೈಲ್ಸಿನ ಮನೆ, ಸಿಂಧನೂರಿನಲ್ಲಿ ಒಂದು ಪ್ಲಾಟು. ಅವಳೂ ಐದು ಇಟ್ಟಳು. "ನಮ್ಮದೇನ ಐತಿ ತಗೋರಿ. ಟ್ರ್ಯಾಕ್ಟರ ಅದಾವು ಖರೆ, ಡೀಜಲ್ ನಾವ ಹಾಕಬೇಕಲ್ರಿ" ಎಂದು ಬೆವರು ಒರೆಸಿಕೊಂಡಳು. ಆಮೇಲೆ ಬಂದವರೆಲ್ಲ ಐದು, ಐದು, ಒಬ್ಬಳು ನಾಲ್ಕೂವರೆ ಇಡಲು ಬೀಜ ಕಡಿಯಲು ಹೊರಟಳು. ಹೊಲ ಇದ್ದವಳು ನಡುವೆ, ಕೂಲಿಯವಳು ನಡುವೆ, ಸಾಲಿ ಮಾಸ್ತರರ ಹೆಂಡತಿ ನಡುವೆ. ನಾನೂ ಐದು ಇಟ್ಟೆ.

ಹೇಮಾ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಎಲ್ಲಾರೂ ನಡುವ ಕುಂತ್ರ ಎರಡೂ ತುದ್ಯಾಗ ಯಾರ ಅದಾರ್ರಿ?"

ಬಳೆ ಮಾರುವ ನೂರಜಾನಬಿ ಕುಂತಲ್ಲಿಂದಲೇ ಹೇಳಿದಳು: "ತುದಿ ಎಲ್ಲಾ ಗಂಗಾವತ್ಯಾಗ ಅದಾವ್ರಿ ಮೇಡಂ. ಮಿಲ್ಲಿನ ಗಾದಿ ಮ್ಯಾಲೆ ಕುಂತಾವ್ರು ಒಂದ ತುದಿ, ಅದ ಮಿಲ್ಲಿನಾಗ ಚೀಲಾ ಹೊರಾವ್ರು ಇನ್ನೊಂದ ತುದಿ. ನಾವು ಬನ್ನಿಕಟ್ಟಿಯವರು, ನಡುವಿನವರ." ಪಡಸಾಲೆ ಪೂರಾ ನಕ್ಕಿತು. ನಿನ್ನ ಊರಿನ ಕೀರ್ತಿ ಇಲ್ಲಿ ಹೀಗಿದೆ ನೋಡು, ಮಾಮಾ ಅವರಿಗೆ ಓದಿ ಹೇಳು.

ಹೇಮಾ ಎಲ್ಲ ಬೀಜ ಬಾಚಿ ಮತ್ತೆ ಬುಟ್ಟಿಗೆ ಹಾಕಿದಳು. "ಈಗ ನಿಮ್ಮ ಮನಿಗೆ ನೀವು ಇಡೂದಿಲ್ಲ. ಬ್ಯಾರೇದವರ ಮನಿಗೆ ಇಡ್ರಿ" ಅಂದಳು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಎದುರಿಗೆ ಕೂತವಳ ಮನೆಗೆ ಒಂದೇ ಬೀಜ ಇಟ್ಟು, ನೀನು ಗತಿ ಇಲ್ಲದವಳು ಎಂದು ಹೇಗೆ ಹೇಳುವುದು? ಕೊನೆಗೆ ಯಮನೂರಮ್ಮ ಎದ್ದು, "ನನ್ನ ಮನಿಗೆ ಒಂದ ಇಡ್ರಿ, ನಾಚ್ಕೋಬ್ಯಾಡ್ರಿ. ಅದೂ ಬ್ಯಾಡ ಅನಸಿದ್ರ ಅರ್ಧಾ ಇಡ್ರಿ" ಎಂದು ನಕ್ಕಳು. ಅವಳ ಮನೆಗೆ ಒಂದು ಬಿತ್ತು. ಮುಂದಿನದು ಸಲೀಸಾಯಿತು. ಯಾರಿಗೂ ಬೇಸರವಾಗದಂತೆ ಮೂರು, ನಾಲ್ಕು ಎಂದು ಹಂಚಿದರು. ಮಿಕ್ಕ ಬೀಜ ಎಲ್ಲಿಗೆ ಹೋಯಿತು? ವಾಡೆಗೆ. ಒಬ್ಬೊಬ್ಬಳೂ ಬಂದು ಹಿಡಿ ಹಿಡಿ ಸುರಿದಳು. ನನ್ನ ರಂಗೋಲಿಯ ಚೌಕ ಮುಚ್ಚಿಹೋಯಿತು.

ಅಲ್ಲಿ ಕಂಬಕ್ಕೊರಗಿ ನಿಂತು ಆ ಗುಡ್ಡೆಯನ್ನು ನೋಡಿದೆ. ಹಿಂದಿನ ರಾತ್ರಿ ನಾನು ಊಟ ಮಾಡಿರಲಿಲ್ಲ. ಹೇಮಾ ಹೇಳಿದಳು, "ಯಮನೂರಮ್ಮಾರದು ಎಲ್ಲಾಕ್ಕಿಂತ ಕಡಿಮಿ. ಅವರು ಮುಖ್ಯ ಅಡಿಗಿಯವರು. ಎರಡನೇದಕ್ಕ ಮೂರು ಬೀಜ ಇದ್ದವರೊಳಗ ಚೀಟಿ ಎತ್ತೂಣು." ಚೀಟಿ ಬರೆಯಲು ಸುರು ಮಾಡಿದಳು. ಮೂಲೆಯಲ್ಲಿ ಸಹನಾ ನೆಲ ನೋಡುತ್ತ ಕೂತಿದ್ದಳು.

ನಾನು ಹೇಗೆ ನಡೆದು ಹೋದೆನೋ ತಿಳಿಯದು. ಬಾಗಿ ಆ ಗುಡ್ಡೆಯನ್ನು ಎರಡೂ ಕೈಯಿಂದ ಬಾಚಿ ಸೆರಗಿಗೆ ಹಾಕಿಕೊಂಡೆ. ಒಂದು ಬೀಜ ಬಿಟ್ಟೆ. "ಹೇಮಾ ಮೇಡಂ, ಖರೇ ಅಂದ್ರ ಇದ ಒಂದ. ಉಳದದ್ದು ಬರೇ ಗ್ವಾಡಿ" ಅಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ಈಗ ಎಲ್ಲರೂ ಬಾಯಿ ಮೇಲೆ ಬೆರಳಿಡುತ್ತಾರೆ, ನಾಳೆ ಓಣಿಯಲ್ಲಿ ತಲೆ ಎತ್ತುವ ಹಾಗಿಲ್ಲ ಅಂದುಕೊಂಡು ಕಣ್ಣು ಮುಚ್ಚಿ ನಿಂತೆ. ಕಣ್ಣು ಬಿಟ್ಟು ನೋಡಿದರೆ, ಅಕ್ಕ, ಯಾರ ಮುಖದಲ್ಲೂ ಅಚ್ಚರಿ ಇರಲಿಲ್ಲ. ಒಬ್ಬರ ಮುಖದಲ್ಲೂ. ಹೇಮಾ ಒಬ್ಬಳೇ ಬಾಯಿ ತೆರೆದು ನಿಂತಿದ್ದಳು.

ಕರಿಯವ್ವ ತನ್ನ ಪಕ್ಕದ ಜಾಗ ಕೈಯಿಂದ ಒರೆಸಿದಳು. "ಬಾರವ್ವಾ, ಕುಂದರು. ನಿಂತು ನಿಂತು ಕಾಲು ನೋಯ್ತಾವ" ಅಂದಳು. ಅಷ್ಟೇ ಅಂದಳು. ನೂರಜಾನಬಿ ಎದ್ದು ಬಂದು ನನ್ನ ಸೆರಗಿನ ಬೀಜವನ್ನೆಲ್ಲ ಬುಟ್ಟಿಗೆ ಹಾಕಿಕೊಂಡಳು, ಸೆರಗನ್ನು ಕೊಡವಿ ನನ್ನ ಭುಜಕ್ಕೆ ಹೊದಿಸಿದಳು.

ನಾನು ಕುಂತೆ. ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಗೊತ್ತಿದ್ದೂ ಗುಡ್ಡೆ ಹಾಕಿದರಲ್ಲ, ಇದು ಚೇಷ್ಟೆಯೆ? ಆಗ ಶಂಕ್ರವ್ವ ಗಂಟಲು ಸರಿಮಾಡಿಕೊಂಡಳು. ಬುಟ್ಟಿಯಿಂದ ಒಂದು ಹಿಡಿ ಬೀಜ ತೆಗೆದು ತನ್ನ ಮನೆಯ ಚೌಕದ ಮೇಲೆ ಇಟ್ಟಳು. ಸ್ವಲ್ಪ ಯೋಚಿಸಿ ಇನ್ನೊಂದು ಹಿಡಿ ಇಟ್ಟಳು. "ನಮ್ಮದು ನಡುವ ಅಲ್ಲ ಬಿಡ್ರಿ. ಡೀಜಲ್ ಹಾಕಾಕ ರೊಕ್ಕ ಐತಿ ಅಂತನ ಟ್ರ್ಯಾಕ್ಟರ ಓಡ್ತಾವ" ಅಂದಳು. ಅವಳ ಮುಖ ಕೆಂಪಾಗಿತ್ತು. ಅವಳನ್ನು ನಾನು ಇಷ್ಟು ವರ್ಷ ಜಿಪುಣಿ ಎಂದು ಆಡಿಕೊಂಡಿದ್ದೆ. ಅವತ್ತು ಅವಳಂಥ ಗಟ್ಟಿ ಹೆಂಗಸು ಆ ಪಡಸಾಲೆಯಲ್ಲಿ ಇನ್ನೊಬ್ಬಳಿರಲಿಲ್ಲ. ಮಾಸ್ತರರ ಹೆಂಡತಿ ತನ್ನ ಮನೆಗೆ ಎರಡು ಸೇರಿಸಿದಳು. ಕರಿಯವ್ವ ಗೊಣಗುತ್ತ, ತನ್ನ ಮನೆಗೆ ಬಿದ್ದಿದ್ದ ಮೂರರಲ್ಲಿ ಎರಡನ್ನು ತೆಗೆಸಿದಳು. "ಒಂದು ಇರಲಿ. ಆದ್ರ ನನಗ ಅಡಿಗಿ ಕೆಲಸ ಬ್ಯಾಡ, ಮದಲ ಹೇಳ್ತೀನಿ" ಅಂದಳು. ಹೀಗೆ ಆ ಮಧ್ಯಾಹ್ನ ನಮ್ಮೂರು ನೆಲದ ಮೇಲೆ ಇದ್ದದ್ದು ಇದ್ದ ಹಾಗೆ ಬಂದು ಕೂತಿತು. ಮೇಲಿನ ಓಣಿಗೂ ಕೆಳಗಿನ ಓಣಿಗೂ ಎಷ್ಟು ದೂರವಿದೆ ಎಂದು ನೋಡಿ ನಾವೇ ಬೆಚ್ಚಿದೆವು. ಐದೈದು ಇಟ್ಟು ನಕ್ಕವರು ನಾವೇ.

ಯಮನೂರಮ್ಮನದು ಒಂದು, ನನ್ನದು ಒಂದು. ಮುಖ್ಯ ಯಾರು ಎಂದು ಹೇಮಾ ಕೇಳಿದಳು. ಯಮನೂರಮ್ಮ ತಟ್ಟನೆ, "ಅವ್ವಾರ ಆಗ್ಲಿ. ನೂರಾರು ಮಂದಿಗೆ ಉಣಿಸಿದ ಕೈ ಅದು. ನಾ ಅವರ ಕೈಯಾಗ ಮಾಡ್ತೀನಿ" ಅಂದಳು. ಎಷ್ಟು ಸಹಜವಾಗಿ ಅಂದಳು ಗೊತ್ತೆ! ಮುಖ್ಯ ಅಡುಗೆಯವಳಿಗೆ ಸಂಬಳ ಹೆಚ್ಚು, ಅವಳಿಗೆ ಅದು ತಿಳಿದಿತ್ತು. ಅವಳ ಮನೆಯಲ್ಲಿ ಐದು ಹೊಟ್ಟೆ, ನನ್ನ ಮನೆಯಲ್ಲಿ ಎರಡು. ನಾನು ಒಲ್ಲೆ ಅಂದೆ. ಅವಳು ಕೇಳಲಿಲ್ಲ, ನಾನು ಬಿಡಲಿಲ್ಲ. ಕೊನೆಗೆ ನೂರಜಾನಬಿ, "ಇಬ್ಬರೂ ಹಿಂಗ ಜಗಳಾಡಿದ್ರ ಹುಡುಗೂರು ಯಾವಾಗ ಉಣಬೇಕ್ರಿ?" ಎಂದು ಗದರಿಸಿ ಯಮನೂರಮ್ಮನ ಹೆಸರನ್ನು ಮುಂದೆ ಬರೆಸಿದಳು.

ಈಗ ನಿನ್ನ ತಂಗಿ ಬನ್ನಿಕಟ್ಟಿ ಸಾಲಿಯ ಸಹಾಯಕ ಅಡುಗೆಯವಳು. ಯಮನೂರಮ್ಮ ನನ್ನ ಮೇಲಿನ ಸಾಹೇಬಳು. ಮೊದಲ ದಿನ ನನ್ನ ಬುದ್ಧಿ ಬಿಡದೆ, ಸಾರಿಗೆ ಹುಳಿ ಇಷ್ಟು ಹಾಕು, ಒಗ್ಗರಣೆ ಹೀಗೆ ಕೊಡು ಎಂದು ಸುರು ಮಾಡಿದೆ. ಅವಳು ಸೌಟು ಹಿಡಿದು ನಿಂತು, "ಅವ್ವಾರ, ಇಲ್ಲಿ ವಾಡೇದ ಕಾನೂನು ನಡ್ಯೂದಿಲ್ರಿ. ನೀವು ಉಳ್ಳಾಗಡ್ಡಿ ಹೆಚ್ಚರಿ" ಅಂದಳು. ಹೆಚ್ಚಿದೆ. ಇನ್ನೂ ಹೆಚ್ಚುತ್ತಿದ್ದೇನೆ. ಕಣ್ಣೀರಿಗೆ ಒಳ್ಳೆಯ ನೆಪ ಸಿಕ್ಕಿದೆ. ಆಜ್ಞೆ ಮಾಡುವಾಗಲೂ ಅವಳು ಒಮ್ಮೆಯೂ 'ರಿ' ಬಿಟ್ಟಿಲ್ಲ. ನಾನು ಹೊರಗೆ ಎಲ್ಲರೆದುರು ಅವಳನ್ನು 'ಯಮನೂರಮ್ಮಾರ' ಎಂದು ಕರೆದರೆ ಮಾತ್ರ ಸಿಟ್ಟಾಗುತ್ತಾಳೆ.

ಒಂದು ದಿನ ಮಕ್ಕಳು ಉಂಡು ಹೋದ ಮೇಲೆ ಪಾತ್ರೆ ತಿಕ್ಕುತ್ತ ಕೇಳಿಯೇಬಿಟ್ಟೆ. "ಯಮನೂರಿ, ನನ್ನ ಮನಿ ಹಕೀಕತ್ತು ನಿಮಗೆಲ್ಲಾ ಯಾವಾಗಿಂದ ಗೊತ್ತಿತ್ತು?"

ಅವಳು ಬೂದಿ ಹಚ್ಚುವುದನ್ನು ನಿಲ್ಲಿಸಲಿಲ್ಲ. "ನನ್ನ ಕೆಲಸಾ ಬಿಡಿಸಿದಾಗಿಂದ ಗೊತ್ತೈತ್ರಿ."

"ಮತ್ತ ಆ ನೀರಿನಂಥಾ ಮಜ್ಜಿಗಿಗೆ ದಿನಾ ಯಾಕ ಬರ್ತಿದ್ರಿ?"

"ಮಜ್ಜಿಗಿಗೆ ಯಾರ ಬರ್ತಿದ್ರು? ನಾವು ಬರೂದು ಬಿಟ್ರ ನೀವು ಬಾಗಲಾ ಹಾಕ್ಕೊಂಡು ಕುಂತುಬಿಡ್ತಿದ್ರಿ. ಇದ್ದೀರೋ ಇಲ್ಲೋ ಯಾರಿಗೆ ತಿಳೀಬೇಕು? ದಿನಾ ಒಮ್ಮೆ ನಿಮ್ಮ ಮಾರಿ ನೋಡಬೇಕಲ್ರಿ. ಸಹನವ್ವ ಉಂಡಾಳೋ ಇಲ್ಲೋ ಆಕಿ ಕಣ್ಣಾಗ ಕಾಣತಿತ್ತು. ನೀವು ಕೊಟ್ರ ಇಸಗೋಳಾವ್ರಲ್ಲ. ನಿಮ್ಮಿಂದ ಇಸಗೊಂಡ್ರ ಬಾಗಲಾ ತಗೀತೀರಿ. ಅದಕ್ಕ."

ಆಗ ನೆನಪಾಯಿತು. ತಂಬಿಗೆಯ ಜೊತೆಗೆ ಅವರು ತರುತ್ತಿದ್ದ ಹುಲ್ಲಿನ ಸಿವುಡು. "ಎಮ್ಮಿಗೆ ಹಾಕ್ರಿ, ಹಾದ್ಯಾಗ ಸಿಕ್ತು" ಎಂದು ಗ್ವಾದಲಿಯ ಹತ್ತಿರ ಇಟ್ಟು ಹೋಗುತ್ತಿದ್ದರು. ಕೆಲವೊಮ್ಮೆ ಸಿವುಡಿನೊಳಗೆ ಹಸಿ ಅವರೆ, ಒಂದು ಹಿಡಿ ಹುಣಚಿಕ್ ಪಲ್ಲೆಯ ಸೊಪ್ಪು ಇರುತ್ತಿತ್ತು. ಅದನ್ನು ನಾನು ವಾಡೆಗೆ ಸಲ್ಲುವ ಮರ್ಯಾದೆ ಎಂದುಕೊಂಡಿದ್ದೆ! ನನ್ನ ಎಮ್ಮೆ ಇನ್ನೂ ಬದುಕಿರುವುದು ಅವರ ಹುಲ್ಲಿನಿಂದ. ನಾನು ದಾನ ಮಾಡುತ್ತಿದ್ದೇನೆ ಎಂದುಕೊಂಡ ಅಷ್ಟೂ ದಿನ ಆ ಓಣಿ ನನ್ನನ್ನು ಸಾಕುತ್ತಿತ್ತು, ನನಗೆ ಗೊತ್ತಾಗದ ಹಾಗೆ. ಅವತ್ತು ಬೀಜ ಗುಡ್ಡೆ ಹಾಕಿದ್ದೂ ಅದಕ್ಕೇ. ನಾನು ಬಾಯಿ ಬಿಟ್ಟು ಹೇಳುವ ಮುಂಚೆ ಅವರು ನನ್ನನ್ನು ಬಡವಿ ಮಾಡಲು ತಯಾರಿರಲಿಲ್ಲ. ಇಂಥವರ ನಡುವೆ ನನ್ನನ್ನು ತಂದು ಹಾಕಿದ ದೇವರಿಗೆ ದಿನಾ ಕೈ ಮುಗಿಯುತ್ತೇನೆ.

ಸಹನಾಳ ಫೀ ಕಟ್ಟಿದೆ. ಮೊದಲ ಸಂಬಳ ಬರುವುದು ತಡವಾದದ್ದಕ್ಕೆ ಹಾಲು ಮಾರಿದೆ. ಹೌದು, ವಾಡೆಯ ಹಾಲು. ಎಮ್ಮೆ ಈಗ ಕರು ಹಾಕಿದೆ. ಮೊದಲ ಗಿರಾಕಿ ಶಂಕ್ರವ್ವ. ಮಜ್ಜಿಗೆಯನ್ನು ನಿಲ್ಲಿಸಿಲ್ಲ, ಆದರೆ ಈಗ ಅದು ಮಜ್ಜಿಗೆ. ಮಧ್ಯಾಹ್ನ ಮಕ್ಕಳ ಜೊತೆ ಸಾಲಿನಲ್ಲಿ ಕೂತು ಅನ್ನ ಸಾರು ಉಣ್ಣುತ್ತೇನೆ. ಆ ಗದ್ದಲದ ನಡುವೆ ಉಣ್ಣುವ ಸುಖ ನನಗೆ ಗೊತ್ತಿರಲಿಲ್ಲ.

ನೀನು ಈ ಪತ್ರ ಓದಿ ಅಕ್ಕಿಯ ಚೀಲ ಕಳಿಸಲು ಹೊರಡಬೇಡ, ನಿನ್ನ ಸ್ವಭಾವ ನನಗೆ ಗೊತ್ತು. ಬದಲಿಗೆ ನೀನೇ ಬಾ. ವಿಶಾಲಾಕ್ಷಿ, ಅಳಿಯ ಇಬ್ಬರನ್ನೂ ಕರೆದುಕೊಂಡು ಬಾ. ಆಯೇರಿ ಮಾಡಲು ಒಂದು ಇಳಕಲ್ ಸೀರೆ ತೆಗೆದಿಟ್ಟಿದ್ದೇನೆ, ಕಂತಿನಲ್ಲಿ. ಸೋಮವಾರದಿಂದ ಶುಕ್ರವಾರದ ಒಳಗೆ ಬಂದರೆ ವಾಡೆಗೆ ಬರಬೇಡಿ, ನೆಟ್ಟಗೆ ಸಾಲಿಗೆ ಬನ್ನಿ. ಊಟಕ್ಕೆ ಹಾಕುತ್ತೇನೆ. ಉಪ್ಪು ಹೆಚ್ಚುಕಡಿಮೆಯಾದರೆ ಯಮನೂರಮ್ಮನಿಗೆ ಹೇಳಿ, ನನಗೆ ಆ ಅಧಿಕಾರವಿಲ್ಲ.

ವಿಶಾಲಾಕ್ಷಿಯ ಒಲೆ ಯಾವಾಗಲೂ ಬೆಚ್ಚಗಿರಲಿ. ಅವಳ ಮನೆಯ ಬಾಗಿಲಿಗೆ ಬರುವವರು ಬರುತ್ತಲೇ ಇರಲಿ. ಮಾಮಾ ಅವರ ಮೊಣಕಾಲಿಗೆ ಎಳ್ಳೆಣ್ಣೆ ಹಚ್ಚು. ನೀನು ಸಿಟ್ಟು ಬಿಡು.

ನಿನ್ನ ತಂಗಿ,
ಶೈಲಜಾ

ತಾ.ಕ.: ಪತ್ರ ಮಡಚಿದ್ದೆ, ಮತ್ತೆ ಬಿಚ್ಚಿದೆ. ಒಂದು ಮಾತು ಹೇಳದೆ ಇದ್ದರೆ ಇಷ್ಟೆಲ್ಲ ಬರೆದದ್ದು ದಂಡ. ಅವ್ವನ ದಿನ ಮಾಡಿದಾಗ ನೀನು ಅವಳ ಟ್ರಂಕು ತೆಗೆದು ಸೀರೆಗಳನ್ನೆಲ್ಲ ಹಂಚಿದೆ. ಕೆಲಸದವರಿಗೆ, ಓಣಿಯವರಿಗೆ, ನಿನಗೆ, ಎಲ್ಲರಿಗೂ ಒಂದೊಂದು ಬಂತು. ನನ್ನ ಸರದಿ ಬಂದಾಗ, "ನೀ ವಾಡೇದಾಕಿ, ಈ ಹಳೇ ಅರಿವಿ ತಗೊಂಡು ಏನ್ ಮಾಡ್ತಿ?" ಎಂದು ನಕ್ಕು ಟ್ರಂಕು ಮುಚ್ಚಿದೆ. ನಾನೂ ನಕ್ಕೆ. ಉಡಲು ಸೀರೆ ಬೇಕಿತ್ತು, ಅದು ಖರೆ. ಆದರೆ ಉಡುವುದಕ್ಕೆಂದೇ ಅಲ್ಲ ಅಕ್ಕ. ಅವಳ ಮಗಳಾಗಿ ನನ್ನ ಹತ್ತಿರ ಅವಳದು ಒಂದು ಎಳೆ ದಾರವೂ ಇಲ್ಲ. ನಿನ್ನ ಪಾಲಿನದನ್ನು ಕೌದಿಗೆ ಹಾಕಿ ಹೊಲಿಸಿದ್ದೀಯಂತೆ. ಅದರ ಒಂದು ಮೂಲೆ ಬಿಚ್ಚಿ ತಾ. ತೊಳೆಯಬೇಡ.